ರಾಜ್ಯಪತ್ರ ಓದುವವರು ಯಾರು?



ಕಳೆದ ಮಳೆಗಾಲದಲ್ಲಿ ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆದು ಮುಗಿದಿದ್ದ ವಾರ. ಸಂಘದ ಕಛೇರಿಯಲ್ಲಿ ಮೈಲುತುತ್ತದ ಲೆಕ್ಕ ನೋಡುತ್ತ ಕುಳಿತಿದ್ದೆ. ಹೊರಗೆ ಬಿಡದೆ ಮಳೆ. ಅಂಥ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಕೊಡೆ ಮಡಚಿ ಒಳಗೆ ಬಂದರು. ತೋಟಗಳ ಲೈನ್ ಮನೆಗಳಲ್ಲಿಯೂ ಹಾಡಿಗಳಲ್ಲಿಯೂ ಓಡಾಡುವ ಸಮಾಜ ಕಾರ್ಯಕರ್ತೆ ಆಕೆ. ಕಾಲೇಜಿನಲ್ಲಿ ಸಮಾಜಕಾರ್ಯವನ್ನೇ ಓದಿ ಪದವಿ ಪಡೆದವರು. ನಮ್ಮಲ್ಲಿ ಅನೇಕರಿಗೆ ಅವರ ಮುಖ ಪರಿಚಯ. ಕೆಲವರಿಗೆ ಅವರ ಮೇಲೆ ಸಿಟ್ಟು ಕೂಡ.

"ಸಾರ್, ನಿಮ್ಮ ಸಂಘಕ್ಕೆ ರಾಜ್ಯಪತ್ರ ಬರುತ್ತದೆಯೇ? ಒಂದು ಹಳೆಯ ಅಧಿಸೂಚನೆ ನೋಡಬೇಕಿತ್ತು" ಎಂದರು.

"ಇಲ್ಲಮ್ಮಾ. ತರಿಸಿದರೂ ಇಲ್ಲಿ ಓದುವವರು ಯಾರು?" ಎಂದೆ.

"ನಾವು ಓದುತ್ತೇವೆ ಸಾರ್" ಎಂದು ಚೀಲದಿಂದ ಒಂದು ಉದ್ದನೆಯ ನೋಟುಬುಕ್ಕನ್ನು ತೆಗೆದು ತೋರಿಸಿದರು. ಪುಟದ ತುಂಬ ಗೀಟು ಎಳೆದ ಅಂಕಣಗಳು. ಮಸೂದೆಯ ಹೆಸರು, ಮಂಡನೆಯಾದ ದಿನ, ಯಾವ ಪ್ರಕರಣ ಯಾರನ್ನು ಮುಟ್ಟುತ್ತದೆ, ಆಕ್ಷೇಪಣೆಗೆ ಕಡೆಯ ದಿನ, ಯಾರಿಗೆ ಬರೆದೆವು, ಬಂದ ಉತ್ತರ. ಕೊನೆಯ ಅಂಕಣ ಬಹುಪಾಲು ಖಾಲಿಯೇ ಇತ್ತು. ಆದರೆ ಉಳಿದ ಅಂಕಣಗಳಲ್ಲಿ ಒಂದೂ ಖಾಲಿ ಇರಲಿಲ್ಲ.

ಆಕೆ ಹೋದ ಮೇಲೆ ನನ್ನ ಮೇಜಿನ ಸೆಳೆಖಾನೆ ತೆರೆದೆ. ಅಡಿಕೆ ಮಾದರಿಯ ಪೊಟ್ಟಣಗಳ ಅಡಿಯಲ್ಲಿ, ಯಾರೋ ಹಿತೈಷಿಗಳು ಕಳುಹಿಸಿದ್ದ ಒಂದು ಕರಡು ನಿಯಮಾವಳಿಯ ಪ್ರತಿ ಮಡಚಿದ ಹಾಗೆಯೇ ಇತ್ತು. ಆಕ್ಷೇಪಣೆ ಸಲ್ಲಿಸಲು ಕೊಟ್ಟಿದ್ದ ಗಡುವು ಮುಗಿದು ಮೂರು ವಾರ ಕಳೆದಿತ್ತು. ತಪ್ಪು ಬೇರೆ ಯಾರದೂ ಅಲ್ಲ, ನಿಮ್ಮ ಕಾರ್ಯದರ್ಶಿಯಾದ ನನ್ನದು. ಈ ಲೇಖನ ಆ ತಪ್ಪಿನಿಂದ ಹುಟ್ಟಿದ್ದು.

ಆರು ತಿಂಗಳು ಯಾರಿಗೂ ಕಾಣದ ಅಧಿಸೂಚನೆ

ಸಮಾಜ ಸೇವಕರೆಂದರೆ ಕಂಬಳಿ ಹಂಚುವವರು, ಕಣ್ಣಿನ ಶಿಬಿರ ನಡೆಸುವವರು ಎಂಬ ಕಲ್ಪನೆ ನಮ್ಮಲ್ಲಿ ಇನ್ನೂ ಇದೆ. ಅದೂ ಒಳ್ಳೆಯ ಕೆಲಸವೇ. ಆದರೆ ಅವರಲ್ಲಿ ಒಂದು ವರ್ಗ ಬಹಳ ಹಿಂದೆಯೇ ಇನ್ನೊಂದು ಸತ್ಯವನ್ನು ಕಂಡುಕೊಂಡಿತು. ಬಡವನ ಮನೆಯ ಕಷ್ಟದ ಬೇರು ಎಷ್ಟೋ ಸಲ ರಾಜಧಾನಿಯಲ್ಲಿ ಬರೆದ ಒಂದು ವಾಕ್ಯದಲ್ಲಿರುತ್ತದೆ. ಆ ವಾಕ್ಯ ತಿದ್ದದೆ ಕಂಬಳಿ ಹಂಚಿ ಪೂರೈಸುವುದಿಲ್ಲ ಎಂಬುದೇ ಆ ಸತ್ಯ. ಇದಕ್ಕೆ ರಾಜಸ್ಥಾನದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತವೆಂದು ಭಾವಿಸುತ್ತೇನೆ.

ಅರುಣಾ ರಾಯ್ ಅವರು ಐ.ಎ.ಎಸ್. ಹುದ್ದೆಯನ್ನು 1975ರಲ್ಲಿ ಬಿಟ್ಟು ಹಳ್ಳಿಗಾಡಿನ ಕೆಲಸಕ್ಕೆ ಬಂದವರು. ಅವರು, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ಹಳ್ಳಿಗರ ಜೊತೆ ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬರಗಾಲದ ಕಾಮಗಾರಿಗಳಲ್ಲಿ ದುಡಿದವರಿಗೆ ಗೊತ್ತುಪಡಿಸಿದ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ "ನೀನು ಅಷ್ಟು ಕೆಲಸ ಮಾಡಿಲ್ಲ, ಹಾಜರಿ ಪಟ್ಟಿಯಲ್ಲಿ ಹಾಗೇ ಇದೆ" ಎಂಬ ಉತ್ತರ. ಪಟ್ಟಿ ತೋರಿಸಿ ಎಂದರೆ ಅದು ಸರ್ಕಾರಿ ಗುಟ್ಟು. ಜಗಳ ಕೂಲಿಯದಾಗಿತ್ತು, ಆದರೆ ಬೀಗ ಬಿದ್ದಿದ್ದು ಕಾಗದದ ಮೇಲೆ. ಹಾಗಾಗಿ ಕಾಗದ ಕೇಳುವ ಹಕ್ಕಿಗಾಗಿಯೇ ಅವರು ಹೋರಾಟ ಹೂಡಿದರು. 1994ರ ಕೊನೆಯಿಂದ ಊರೂರಲ್ಲಿ ಜನಸುನವಾಯಿ ಎಂಬ ಬಹಿರಂಗ ವಿಚಾರಣೆಗಳು ನಡೆದವು. ಸತ್ತವರ ಹೆಸರಿನಲ್ಲಿ ಕೂಲಿ ಬರೆದದ್ದು, ಕಟ್ಟದ ಕಟ್ಟಡಕ್ಕೆ ಹಣ ತೆಗೆದದ್ದು ಊರವರ ಮುಂದೆಯೇ ಬಯಲಾಯಿತು.

1995ರ ಏಪ್ರಿಲ್‌ನಲ್ಲಿ ಅಲ್ಲಿನ ಮುಖ್ಯಮಂತ್ರಿಗಳು, ಅಭಿವೃದ್ಧಿ ಕಾಮಗಾರಿಗಳ ದಾಖಲೆಗಳ ಪ್ರತಿಯನ್ನು ಜನರಿಗೆ ಕೊಡುವುದಾಗಿ ವಿಧಾನಸಭೆಯಲ್ಲಿ ಭರವಸೆಯಿತ್ತರು. ಒಂದು ವರ್ಷ ಕಳೆದರೂ ಆದೇಶ ಹೊರಡಲಿಲ್ಲ. ಸಂಘಟನೆಯವರು ಆ ಭರವಸೆಯನ್ನು ಮರೆಯಲಿಲ್ಲ. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು. 1997ರಲ್ಲಿ ಜೈಪುರದಲ್ಲಿ ಮತ್ತೆ 53 ದಿನ. ಆ ಧರಣಿಯ ಕೊನೆಯಲ್ಲಿ ಸರ್ಕಾರ ಹೇಳಿದ್ದೇನು ಗೊತ್ತೇ? ಪಂಚಾಯಿತಿ ದಾಖಲೆಗಳ ಪ್ರತಿ ಪಡೆಯುವ ಹಕ್ಕನ್ನು ಆರು ತಿಂಗಳ ಹಿಂದೆಯೇ ರಾಜ್ಯಪತ್ರದಲ್ಲಿ ಅಧಿಸೂಚನೆ ಮಾಡಿಯಾಗಿದೆ ಎಂದು! ಜನ ಬೀದಿಯಲ್ಲಿ ಬಿಸಿಲು ಕಾಯುತ್ತ ಕೇಳುತ್ತಿದ್ದ ಹಕ್ಕು ಕಪಾಟಿನೊಳಗೆ ಅಚ್ಚಾಗಿ ಕುಳಿತಿತ್ತು. ಯಾರೂ ಹೇಳಿರಲಿಲ್ಲ, ಯಾರೂ ನೋಡಿರಲಿಲ್ಲ.

ಹಗಲಿರುಳು ಅದೇ ಕೆಲಸದಲ್ಲಿದ್ದವರ ಕಣ್ಣಿಗೇ ತಪ್ಪಿಹೋಗುವಂತಿದ್ದರೆ, ಕೊಯ್ಲು ಕಣಗಳ ನಡುವೆ ಇರುವ ನಮ್ಮ ಪಾಡೇನು? ಅಂದಿನಿಂದ ಇಂಥ ಕಾರ್ಯಕರ್ತರು ಶಾಸನವನ್ನು ಬಿಡದೆ ಹಿಂಬಾಲಿಸುವುದನ್ನು ಒಂದು ವ್ರತದಂತೆ ನಡೆಸುತ್ತಾರೆ ಎಂದು ಕೇಳಿದರೆ ನನಗೆ ಆಶ್ಚರ್ಯವಾಗುವುದಿಲ್ಲ. ರಾಜಸ್ಥಾನದಲ್ಲಿ 2000ದಲ್ಲಿ ಮಾಹಿತಿ ಹಕ್ಕಿನ ಕಾಯ್ದೆ ಬಂದಿತು. ನಮ್ಮ ಕರ್ನಾಟಕವೂ ಅದೇ 2000ದಲ್ಲಿ ಕಾಯ್ದೆ ಮಾಡಿತು. ಆದರೆ ನಿಯಮಗಳು ಬಂದದ್ದು 2002ರಲ್ಲಿ. ಕಾಯ್ದೆಯಾಯಿತೆಂದು ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಆಗದು, ನಿಯಮ ಬರುವವರೆಗೂ ಬಾಗಿಲಲ್ಲಿ ಕಾಯಬೇಕು ಎಂಬ ಪಾಠ ಅದರಲ್ಲಿದೆ. ಕೊನೆಗೆ 2005ರ ಅಕ್ಟೋಬರ್ 12ರಿಂದ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಜಾರಿಯಾಯಿತು. ಇಂದು ನಮ್ಮ ಸದಸ್ಯರು ಸರ್ವೆ ನಕ್ಷೆಗಾಗಿಯೋ ಸಬ್ಸಿಡಿ ಪಟ್ಟಿಗಾಗಿಯೋ ತಾಲ್ಲೂಕು ಕಛೇರಿಗೆ ಬರೆಯುವ ಹತ್ತು ರೂಪಾಯಿ ಅರ್ಜಿಯ ಹಿಂದೆ, ಬ್ಯಾವರ್ ಪೇಟೆಯಲ್ಲಿ ಕುಳಿತ ಆ ಕೂಲಿಗಾರರ 40 ದಿನಗಳಿವೆ.

ವ್ಯಾಖ್ಯಾನದ ಪ್ರಕರಣ

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಬೆಂಗಳೂರಿನ ಸುತ್ತಮುತ್ತ ಸರ್ಕಾರಿ ಜಮೀನು ನುಂಗಿದ ದೊಡ್ಡವರ ಕಥೆ ಎಲ್ಲರಿಗೂ ತಿಳಿದದ್ದೇ. ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಸದನ ಸಮಿತಿಯೂ, ಆಮೇಲೆ ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆಯೂ ಅದರ ವಿವರಗಳನ್ನು ಹೊರಗೆಡಹಿದವು. ಶತಾಯುಷಿಗಳಾಗಿ 2021ರಲ್ಲಿ ತೀರಿಕೊಂಡ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ಆ ಇಳಿವಯಸ್ಸಿನಲ್ಲಿಯೂ ಭೂಗಳ್ಳರ ವಿರುದ್ಧ ಧರಣಿ ಕುಳಿತದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಈ ಒತ್ತಾಯಗಳ ನಡುವೆ ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆ, 2011 ರೂಪುಗೊಂಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 2014ರಲ್ಲಿ. ವಿಶೇಷ ನ್ಯಾಯಾಲಯ ಆರಂಭವಾದದ್ದು 2016ರಲ್ಲಿ. ಒಂದರಿಂದ ಮೂರು ವರ್ಷದವರೆಗೆ ಸೆರೆವಾಸದ ಶಿಕ್ಷೆ ಅದರಲ್ಲಿದೆ.

ಕಾಯ್ದೆಯ ಉದ್ದೇಶ ಒಳ್ಳೆಯದು. ನಾನು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಆದರೆ ಭೂಕಬಳಿಕೆ ಎಂದರೇನೆಂದು ಹೇಳುವ ವ್ಯಾಖ್ಯಾನದ ಪ್ರಕರಣ ಎಷ್ಟು ಅಗಲವಾಗಿತ್ತೆಂದರೆ, ನಗರದಂಚಿನಲ್ಲಿ ನೂರು ನಿವೇಶನ ಮಾಡಿ ಮಾರಿದವನೂ ಅದರಲ್ಲಿ ಸಿಗುತ್ತಿದ್ದ. ಅಜ್ಜನ ಕಾಲದಿಂದ ಬೇಲಿಯಾಚೆಯ ಮುಕ್ಕಾಲು ಎಕರೆಯಲ್ಲಿ ಸಿಲ್ವರ್ ಮರಕ್ಕೆ ಮೆಣಸು ಹಬ್ಬಿಸಿ, ಬಗರ್ ಹುಕುಂ ಅರ್ಜಿ ಕೊಟ್ಟು ಕಾದವನೂ ಸಿಗುತ್ತಿದ್ದ. ಒಂದು ದಿನ ನಮ್ಮ ಸಂಘದ ಸದಸ್ಯರೊಬ್ಬರು ಬೆಂಗಳೂರಿನಿಂದ ಬಂದ ನೋಟೀಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದರು. ಒಟ್ಟು ಎರಡೂವರೆ ಎಕರೆ ಹಿಡುವಳಿದಾರ. "ನಾನು ಕಳ್ಳನಾ ಕಾರ್ಯದರ್ಶಿಗಳೇ?" ಎಂದು ಕೇಳಿದರು. ಕಾಫಿ ಕೊಯ್ಲಿನ ಕಾಲ. ಹಣ್ಣು ಉದುರುತ್ತಿದ್ದರೂ ಅವರು ರಾತ್ರಿ ಬಸ್ಸು ಹತ್ತಬೇಕಾಯಿತು. ಒಂದು ಸಲವಲ್ಲ, ನಾಲ್ಕು ಸಲ.

ಕಡೆಗೆ ಮಲೆನಾಡಿನ ಶಾಸಕರು ಪಕ್ಷಭೇದವಿಲ್ಲದೆ ಕೂಗಿದರು. 2020ರಲ್ಲಿಯೂ ಮತ್ತೆ 2022ರಲ್ಲಿಯೂ ಕಾಯ್ದೆಗೆ ತಿದ್ದುಪಡಿಯಾಗಿ ಹಳ್ಳಿಗಾಡಿನ ಸಾಗುವಳಿದಾರರನ್ನು ಅದರ ಹಿಡಿತದಿಂದ ಬಿಡಿಸುವ ಪ್ರಯತ್ನ ನಡೆಯಿತು. ಸಂತೋಷವೇ. ಆದರೆ ನನ್ನ ಪ್ರಶ್ನೆ ಬೇರೆ. 2011ರಿಂದ 2014ರವರೆಗೆ ಅಂಕಿತಕ್ಕಾಗಿ ಕಾದಿದ್ದ ಆ ಮೂರು ವರ್ಷ ನಾವು ಎಲ್ಲಿದ್ದೆವು? ಸಮಾಜ ಕಾರ್ಯಕರ್ತರು ಆ ಮಸೂದೆಯ ಹಿಂದೆ ಹೆಜ್ಜೆ ಹೆಜ್ಜೆಗೂ ಇದ್ದರು, ಏಕೆಂದರೆ ಅವರಿಗೆ ಅದು ಬೇಕಾಗಿತ್ತು. ನಮ್ಮಂಥ ಯಾವ ಸಂಘದವರಾದರೂ ವ್ಯಾಖ್ಯಾನದ ಒಂದು ಪುಟ ಓದಿ, "ಸ್ವಾಮೀ, ಅರ್ಜಿ ಕೊಟ್ಟು ಕಾದಿರುವ ಸಣ್ಣ ಸಾಗುವಳಿದಾರನನ್ನು ಇದರಿಂದ ಹೊರಗಿಡಿ" ಎಂದು ಒಂದು ಪತ್ರ ಬರೆದಿದ್ದರೆ? ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮೊದಲು. ಕಾಯಿ ಉದುರಿ ಬುಡದಲ್ಲಿ ಬಿದ್ದ ಮೇಲೆ ದೋಟಿ ಹಿಡಿದರೆ ಏನು ಫಲ? ತೋಟದಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಈ ಬುದ್ಧಿ ಕಾನೂನಿನ ವಿಷಯದಲ್ಲಿ ಮಾತ್ರ ಕೈಕೊಡುತ್ತದೆ.

ಒಂದೊಂದು ಶಬ್ದಕ್ಕೆ ಎಷ್ಟು ತೂಕವೆಂಬುದಕ್ಕೆ ಇನ್ನೊಂದು ಮಾತು. ಭೂ ಸುಧಾರಣಾ ಕಾಯ್ದೆಯಲ್ಲಿ ತೋಟದ ಬೆಳೆ ಎಂದು ಹೆಸರಿಸಿದ ಪಟ್ಟಿಯಲ್ಲಿ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ಇವೆ, ಅಡಿಕೆ ಇಲ್ಲ. ನಮ್ಮ ಕಣ್ಣಿಗೆ ಒಂದೇ ಬೇಲಿಯೊಳಗಿನ ಒಂದೇ ತೋಟ. ಕಾನೂನಿನ ಕಣ್ಣಿಗೆ ಮೇಲಿನ ಗುಡ್ಡ ಒಂದು ಜಾತಿ, ಕೆಳಗಿನ ಕಣಿವೆ ಇನ್ನೊಂದು ಜಾತಿ.

ಎದುರು ನಿಂತವರಿಂದ ಕಲಿಯುವುದೇ?

ಇಲ್ಲಿ ಕೆಲವು ಸದಸ್ಯರು ಹುಬ್ಬು ಗಂಟಿಕ್ಕುವುದು ನನಗೆ ಕಾಣುತ್ತಿದೆ. "ಕಾರ್ಯದರ್ಶಿಗಳು ಹೊಗಳುತ್ತಿರುವ ಈ ಜನವೇ ಅಲ್ಲವೇ ನಮ್ಮ ಒತ್ತುವರಿ ಗುತ್ತಿಗೆಗೆ ಅಡ್ಡ ನಿಂತವರು?" ಹೌದು, ಅವರೇ. ಅದನ್ನು ಮುಚ್ಚಿಡುವುದು ಸರಿಯಲ್ಲ.

2022ರಲ್ಲಿ ನಮ್ಮ ವಿಧಾನಮಂಡಲ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, 2005ರ ಜನವರಿ 1ಕ್ಕಿಂತ ಮೊದಲಿನಿಂದ ಸರ್ಕಾರಿ ಕಂದಾಯ ಜಮೀನಿನಲ್ಲಿ ತೋಟದ ಬೆಳೆ ಮಾಡಿಕೊಂಡು ಬಂದವರಿಗೆ 25 ಎಕರೆಯವರೆಗೆ 30 ವರ್ಷ ಗುತ್ತಿಗೆ ಕೊಡಲು ದಾರಿ ಮಾಡಿತು. ಬೆಳೆಗಾರರ ಸಂಘಟನೆಗಳು ಬಹುಕಾಲದಿಂದ ಕೇಳುತ್ತಿದ್ದದ್ದು ಅದು. ಹಾಡಿಯ ಜನರ ಪರವಾಗಿ, ನಿವೇಶನವಿಲ್ಲದ ಲೈನ್ ಮನೆಯವರ ಪರವಾಗಿ ಓಡಾಡುವವರು ಇದನ್ನು ವಿರೋಧಿಸಿದರು. ಅವರ ವಾದ ಸರಳ. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತು ಹಾಕಲಾಯಿತು. ಗುಡಿಸಲಿನಷ್ಟು ಜಾಗಕ್ಕೆ ಒತ್ತುವರಿಯೆಂಬ ಹೆಸರಾದರೆ, 25 ಎಕರೆಗೆ ಗುತ್ತಿಗೆಯೆಂಬ ಹೆಸರು ಹೇಗೆ?

ಈ ಪ್ರಶ್ನೆಯನ್ನು ಆ ಹೆಣ್ಣುಮಗಳೂ ನನ್ನ ಮೇಜಿನ ಎದುರು ಕುಳಿತು ಕೇಳಿದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ನಮ್ಮ ಸಂಘದಲ್ಲಿ 25 ಎಕರೆ ಒತ್ತುವರಿ ಮಾಡಿದವರು ಯಾರೂ ಇಲ್ಲಮ್ಮಾ, ಇರುವುದು ಅರ್ಧ ಎಕರೆ, ಒಂದು ಎಕರೆಯವರು" ಎಂದೆ. "ಹಾಗಾದರೆ ಸಾರ್, 25 ಎಕರೆಯವರಿಗಾಗಿ ನೀವು ಏಕೆ ವಾದಿಸುತ್ತೀರಿ? ನಿಮ್ಮ ಅರ್ಧ ಎಕರೆಗೆ ವಾದಿಸಿ. ಅದಕ್ಕೆ ನಾವು ಅಡ್ಡ ಬರುವುದಿಲ್ಲ" ಎಂದರು.

ಬಾಂಧವರೇ, ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಾವು ಸಣ್ಣ ಹಿಡುವಳಿದಾರರು ನಮ್ಮ ಮಾತನ್ನು ನಾವೇ ಬರೆಯದೆ, ದೊಡ್ಡ ತೋಟದವರು ಬರೆದ ಮನವಿಯ ಕೆಳಗೆ ಸಹಿ ಹಾಕುತ್ತ ಬಂದಿದ್ದೇವೆ. ಅವರ ಸಂಸ್ಥೆಗಳು ಹಳೆಯವು, ಗಟ್ಟಿಯಾದವು. ಉಪಾಸಿ 1893ರಲ್ಲಿಯೇ ಹುಟ್ಟಿದ್ದು. ಅವರಿಗೆ ಕಾನೂನು ಓದುವ ಜನರಿದ್ದಾರೆ. ಬಡವರಿಗೆ ಈ ಕಾರ್ಯಕರ್ತರಿದ್ದಾರೆ. ನಡುವೆ ಇರುವ ನಮಗೆ ಯಾರೂ ಇಲ್ಲ. ಎರಡು ಎಕರೆಯ ಅಡಿಕೆಯವನಿಗೂ ಲೈನ್ ಮನೆಯವನಿಗೂ ವಾಸ್ತವವಾಗಿ ಇರುವ ಜಗಳ ಬಹಳ ಸಣ್ಣದು. ಮೊದಲು ಮನೆ ನಿವೇಶನ, ಆಮೇಲೆ ಸಣ್ಣ ಸಾಗುವಳಿದಾರನ ತುಂಡು, ಕೊನೆಗೆ ದೊಡ್ಡ ಗುತ್ತಿಗೆ ಎಂಬ ಕ್ರಮದಲ್ಲಿ ಸರ್ಕಾರ ನಡೆದುಕೊಂಡರೆ ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ನಷ್ಟವೇನೂ ಇಲ್ಲ. ಇದು ನನ್ನ ಸ್ವಂತ ಅಭಿಪ್ರಾಯ, ಸಂಘದ ನಿರ್ಣಯವಲ್ಲ. ಒಪ್ಪದವರು ಬರೆಯಲಿ, ಇದೇ ಪುಟದಲ್ಲಿ ಅಚ್ಚು ಮಾಡುತ್ತೇನೆ.

"ನಮ್ಮ ಶಾಸಕರಿದ್ದಾರಲ್ಲ" ಎನ್ನುವವರೂ ಉಂಟು. ಇದ್ದಾರೆ. ಆದರೆ ಅಧಿವೇಶನದ ಕೊನೆಯ ದಿನಗಳಲ್ಲಿ ಮಸೂದೆಗಳು ಒಂದರ ಹಿಂದೊಂದು ಗದ್ದಲದ ನಡುವೆಯೇ ಅಂಗೀಕಾರವಾಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಮಸೂದೆಯ ಕರಡನ್ನು 30 ದಿನವಾದರೂ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲಿ ತನ್ನ ಇಲಾಖೆಗಳಿಗೆ ಒಂದು ನೀತಿಯನ್ನು ಹಾಕಿಕೊಟ್ಟಿತು. ಅದು ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ. ಶಾಸಕರು ಒಳ್ಳೆಯವರಾದರೂ ಅವರ ಕೈಗೆ ಸರಿಯಾದ ದಿನ ಸರಿಯಾದ ಒಂದು ಪುಟ ಸಿಗಬೇಕು. ಆ ಪುಟ ಬರೆಯಬೇಕಾದವರು ನಾವು.

ನಮಗೆ ಇದು ಆಗದ ಕೆಲಸವೂ ಅಲ್ಲ. ಕಾಫಿ ಪೂಲ್ ಪದ್ಧತಿಯ ಕಾಲವನ್ನು ಹಿರಿಯರು ಮರೆತಿರಲಾರರು. ಬೆಳೆದ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಿ ಹಣಕ್ಕಾಗಿ ಕಂತು ಕಂತಾಗಿ ಕಾಯುತ್ತಿದ್ದ ಆ ಪದ್ಧತಿ 1942ರ ಕಾಫಿ ಕಾಯ್ದೆಯ ಫಲ. ಬೆಳೆಗಾರರು ಬಿಡದೆ ಬರೆದು, ಸಭೆ ಸೇರಿ, ದೆಹಲಿಗೆ ಅಲೆದ ಮೇಲೆ 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಮಾರಾಟ ಪೂರ್ಣ ಮುಕ್ತವಾಯಿತು. ಅಂದು ಓದಿದೆವು, ಬರೆದೆವು, ಗೆದ್ದೆವು. ಗೆದ್ದ ಮೇಲೆ ಓದುವುದನ್ನು ಬಿಟ್ಟೆವು.

ನನ್ನ ಸಲಹೆ

ಬರಲಿರುವ ಮಹಾಸಭೆಯ ಮುಂದೆ ನಾನು ಇಡಬೇಕೆಂದಿರುವ ವಿಷಯಗಳು ಹೆಚ್ಚು ಖರ್ಚಿನವಲ್ಲ.

ಮೊದಲನೆಯದು, ಒಂದು ನೋಟುಬುಕ್ಕು. ಆ ಹೆಣ್ಣುಮಗಳ ಪುಸ್ತಕದ ಮಾದರಿಯಲ್ಲಿಯೇ ಅಂಕಣ ಹಾಕಿ ಸಂಘದ ಕಛೇರಿಯಲ್ಲಿ ಇಡೋಣ. ಮಸೂದೆ, ಸುಗ್ರೀವಾಜ್ಞೆ, ಕರಡು ನಿಯಮ ಈ ಮೂರನ್ನೂ ಬೇರೆ ಬೇರೆಯಾಗಿ ಗಮನಿಸಬೇಕು. ಸುಗ್ರೀವಾಜ್ಞೆ ಸದನ ಸೇರಿ ಆರು ವಾರದೊಳಗೆ ಮಸೂದೆಯಾಗಿ ಬರಲೇಬೇಕು, ಇಲ್ಲವೇ ಬಿದ್ದುಹೋಗುತ್ತದೆ. ಆ ಆರು ವಾರ ಮಾತನಾಡುವ ಕಾಲ. ಕರಡು ನಿಯಮಕ್ಕಂತೂ ಆಕ್ಷೇಪಣೆಯ ಗಡುವು ಅಲ್ಲಿಯೇ ಅಚ್ಚಾಗಿರುತ್ತದೆ. ರಾಜ್ಯಪತ್ರವೂ ಸಂಸದೀಯ ವ್ಯವಹಾರಗಳ ಇಲಾಖೆಯ ಕಾಯ್ದೆಗಳೂ ಈಗ ಕನ್ನಡದಲ್ಲಿಯೇ ಮೊಬೈಲಿನಲ್ಲಿ ಸಿಗುತ್ತವೆ. ನಮ್ಮ ಮಕ್ಕಳಲ್ಲಿ ಪದವಿ ಓದಿ ಮನೆಯಲ್ಲಿರುವವರು ವಾರಕ್ಕೆ ಒಂದು ಗಂಟೆ ಕೊಟ್ಟರೆ ಸಾಕು.

ಎರಡನೆಯದು, ಈ ಪತ್ರಿಕೆಯಲ್ಲಿ ಧಾರಣೆ ಪಟ್ಟಿಯ ಪಕ್ಕದಲ್ಲಿ ಒಂದು ಅರ್ಧ ಪುಟ. ಯಾವ ಕಾನೂನು ಎಲ್ಲಿಗೆ ಬಂದಿದೆ, ನಮ್ಮ ಯಾವ ಜಮೀನನ್ನು ಮುಟ್ಟುತ್ತದೆ, ಕಡೆಯ ದಿನ ಯಾವುದು, ಅಷ್ಟೇ.

ಮೂರನೆಯದು, ಬರೆಯುವ ಪತ್ರದಲ್ಲಿ ಗೋಳಾಟ ಬೇಡ, ಸಂಗತಿ ಇರಲಿ. "ರೈತರಿಗೆ ಅನ್ಯಾಯ" ಎಂಬ ಪತ್ರ ಯಾವ ಅಧಿಕಾರಿಯ ಮನಸ್ಸನ್ನೂ ಬದಲಿಸುವುದಿಲ್ಲ. "ಇಂಥ ಪ್ರಕರಣದ ಇಂಥ ಶಬ್ದದಿಂದ ನಮ್ಮ ಸಂಘದ ಇಷ್ಟು ಸದಸ್ಯರಿಗೆ ಹೀಗೆ ತೊಂದರೆ, ಆ ಶಬ್ದದ ಬದಲು ಈ ಶಬ್ದ ಹಾಕಿ" ಎಂಬ ಪತ್ರವನ್ನು ಪಕ್ಕಕ್ಕೆ ಸರಿಸುವುದು ಕಷ್ಟ. ಜನಸುನವಾಯಿಯ ಬಲವೂ ಅದೇ ಆಗಿತ್ತು. ಅಲ್ಲಿ ಭಾಷಣಕ್ಕಿಂತ ಹಾಜರಿ ಪಟ್ಟಿಗೆ ಬೆಲೆ ಹೆಚ್ಚು.

ನಾಲ್ಕನೆಯದು, ವರ್ಷಕ್ಕೆರಡು ಸಲ ನಮ್ಮ ತಾಲ್ಲೂಕಿನ ಸಮಾಜ ಕಾರ್ಯಕರ್ತರನ್ನು ಸಂಘಕ್ಕೆ ಕರೆದು ಕೂಡಿಸಿ ಮಾತನಾಡುವುದು. ಈಗಲೇ ಒಂದು ವಿಷಯ ಕಾದಿದೆ. 1951ರ ತೋಟ ಕಾರ್ಮಿಕರ ಕಾಯ್ದೆ 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಲೀನವಾಗಿ, ನಾಲ್ಕೂ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಇದರಲ್ಲಿ ರಾಜ್ಯದ ನಿಯಮಗಳ ಮಾತು ದೊಡ್ಡದು. ಕೆಲಸಗಾರರ ಪರ ಅವರು ಓದುತ್ತಾರೆ, ನಾವೂ ಓದೋಣ. ಎಲ್ಲಿ ಒಪ್ಪುತ್ತೇವೆ, ಎಲ್ಲಿ ಒಪ್ಪುವುದಿಲ್ಲ ಎಂಬುದು ಮುಖಾಮುಖಿ ಕುಳಿತರೆ ತಿಳಿಯುತ್ತದೆ. ನಮ್ಮ ತೋಟದ ಕೆಲಸಗಾರರು ನೆಮ್ಮದಿಯಿಂದಿರುವುದು ನಮಗೂ ಬೇಕಾದದ್ದೇ ಅಲ್ಲವೇ?

ಒಂದು ಎಚ್ಚರಿಕೆಯ ಮಾತು. ಸಂಘವು ಯಾವ ಪಕ್ಷದ ಬಾಲವೂ ಆಗಬಾರದು. ಚುನಾವಣೆಯ ಮಾತು ಈ ನೋಟುಬುಕ್ಕಿಗೆ ಬರಕೂಡದು. ಸಮಾಜ ಕಾರ್ಯಕರ್ತರು ಹೇಳಿದ್ದೆಲ್ಲ ವೇದವೆಂದೂ ನಾನು ಹೇಳುತ್ತಿಲ್ಲ. ಅವರೂ ತಪ್ಪುತ್ತಾರೆ, ಕೆಲವೊಮ್ಮೆ ಎಲ್ಲ ತೋಟದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಭೂಕಬಳಿಕೆ ಕಾಯ್ದೆಯ ವ್ಯಾಖ್ಯಾನದಲ್ಲಿ ಆದದ್ದೂ ಸ್ವಲ್ಪ ಮಟ್ಟಿಗೆ ಅದೇ. ಆದರೆ ಅವರು ತಪ್ಪಿದಾಗ ತಿದ್ದುವವರು ಅಲ್ಲಿ ಇರಬೇಕಲ್ಲ!

ನಾಲ್ಕು ಸಲ ಬೆಂಗಳೂರು ಬಸ್ಸು ಹತ್ತಿದ ನಮ್ಮ ಆ ಸದಸ್ಯರು ಈಚೆಗೆ ಗೊಬ್ಬರ ಒಯ್ಯಲು ಬಂದಾಗ ಈ ಆಲೋಚನೆಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪುಸ್ತಕಕ್ಕೆ ದುಡ್ಡು ನಾನು ಕೊಡುತ್ತೇನೆ" ಎಂದರು. ಕೊಟ್ಟೂ ಹೋದರು. ನೋಟುಬುಕ್ಕು ಈಗ ನನ್ನ ಮೇಜಿನ ಮೇಲೆಯೇ ಇದೆ, ಸೆಳೆಖಾನೆಯೊಳಗಲ್ಲ. ಮೊದಲ ಪುಟಕ್ಕೆ ಗೀಟು ಎಳೆದಾಗಿದೆ. ಓದಲು ಒಪ್ಪುವವರು ಮಹಾಸಭೆಯ ದಿನ ಹೆಸರು ಕೊಡಬೇಕಾಗಿ ಕೋರುತ್ತೇನೆ.

ಇತಿ ನಿಮ್ಮವ,
ಕಾರ್ಯದರ್ಶಿ